ಮೂವತ್ತೊಂದು ಲಾರಿ ತೊಗರಿಯಲ್ಲಿ ಒಂದೇ ಒಂದು ಕಾಳು

ವಂಶವಾಹಿಯನ್ನು ಕತ್ತರಿಸುವ ಕಿಣ್ವ ಇಂದು ಪ್ರಯೋಗಾಲಯಗಳಲ್ಲಿ ಸಾಮಾನ್ಯ ಸಲಕರಣೆ. ಆದರೆ ಬೇಕಾದ ಜಾಗದಲ್ಲಿ ಮಾತ್ರ ಕೆಲಸ ಮಾಡಿ, ಉಳಿದೆಡೆ ಕೈಕಟ್ಟಿ ಕೂರುವ ಕಿಣ್ವವನ್ನು ರೂಪಿಸುವುದು ಹೇಗೆ?

ಬೀದರಿನ ಗಾಂಧಿ ಗಂಜಕ್ಕೆ ಡಿಸೆಂಬರ್ ಕೊನೆಯ ಹೊತ್ತಿಗೆ ಹೊಸ ತೊಗರಿ ಬರತೊಡಗುತ್ತದೆ. ಭಾಲ್ಕಿ, ಔರಾದ ಕಡೆಯ ಹಳ್ಳಿಗಳಿಂದ ಬಂದ ಚೀಲಗಳು ಅಡತಿ ಅಂಗಡಿಗಳ ಮುಂದೆ ಸಾಲುಗಟ್ಟುತ್ತವೆ. ಖರೀದಿಗೆ ಬಂದವನು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಒಂದು ಹಿಡಿ ಕಾಳು ಹೊರತೆಗೆಯುತ್ತಾನೆ. ಅಂಗೈಯಲ್ಲಿ ಹರಡುತ್ತಾನೆ, ಉಜ್ಜುತ್ತಾನೆ, ಹುಳುಕು, ಕಲ್ಲು, ಹಸಿ ನೋಡುತ್ತಾನೆ. ಬೆಲೆಯ ಮಾತು ಆಮೇಲೆ.

ಇದೇ ಗಂಜದಲ್ಲಿ ನಿಂತು ಒಂದು ಲೆಕ್ಕ ಮಾಡೋಣ. ನೂರು ತೊಗರಿ ಕಾಳಿನ ತೂಕ ಸುಮಾರು ಹತ್ತು ಗ್ರಾಂ. ನಮ್ಮ ಜೀವಕೋಶಗಳ ಒಳಗೆ ಡಿಎನ್‌ಎ ಎಂಬ ಸುರುಳಿ ದಾರವಿದೆಯಷ್ಟೆ? ಅದರಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದ ನಮ್ಮ ದೇಹದ ಇಡೀ ಬರಹ ಬರೆಯಲಾಗಿದೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲೂ ಸುಮಾರು 310 ಕೋಟಿ ಅಕ್ಷರಗಳು. ಅಕ್ಷರಕ್ಕೊಂದು ತೊಗರಿ ಕಾಳು ಇಡುತ್ತ ಹೋದರೆ 3,100 ಕ್ವಿಂಟಾಲ್ ಬೇಕು. ಅಂದರೆ ಹತ್ತು ಟನ್ ಹೊರುವ 31 ಲಾರಿ.

ಈ 31 ಲಾರಿಗಳ ಕಾಳುಗಳಲ್ಲಿ ಒಂದೇ ಒಂದು ಕಾಳು ತಪ್ಪಾಗಿ ಸೇರಿಕೊಂಡಿದೆ ಎಂದುಕೊಳ್ಳಿ. ಆ ಒಂದು ಕಾಳಿನಿಂದಾಗಿ ಒಂದು ಮಗು ಜೀವನವಿಡೀ ನರಳುತ್ತಿದೆ. ಉಳಿದ ಯಾವ ಕಾಳನ್ನೂ ಅಲುಗಿಸದೆ ಅದೊಂದನ್ನು ಮಾತ್ರ ಸರಿಪಡಿಸಬೇಕು. ಜೀವವಿಜ್ಞಾನಿಗಳ ಮುಂದಿರುವ ಸಮಸ್ಯೆ ಇದು.

ಒಂದಕ್ಷರದ ಕಾಯಿಲೆ

ಇದು ಕಲ್ಪನೆಯ ಉದಾಹರಣೆಯಲ್ಲ. ಕುಡಗೋಲು ರಕ್ತಕಣ ಕಾಯಿಲೆ, ಅಂದರೆ ಸಿಕಲ್ ಸೆಲ್ ರೋಗ, ನಿಜಕ್ಕೂ ಒಂದೇ ಅಕ್ಷರದ ತಪ್ಪಿನಿಂದ ಬರುತ್ತದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ಒಂದು ಕಡೆ 'ಎ' ಇರಬೇಕಾದಲ್ಲಿ 'ಟಿ' ಇರುತ್ತದೆ. ಅದರ ಫಲವಾಗಿ ಪ್ರೋಟೀನ್ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದು ಕೂರುತ್ತದೆ. ಇದನ್ನು 1957ರಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಂ ತೋರಿಸಿಕೊಟ್ಟರು. ಅಷ್ಟಕ್ಕೇ ದುಂಡಗೆ ಮೆತ್ತಗೆ ಇರಬೇಕಾದ ಕೆಂಪು ರಕ್ತಕಣ ಕುಡಗೋಲಿನಂತೆ ಬಾಗುತ್ತದೆ, ಗಡುಸಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೈಕಾಲು, ಎದೆ, ಬೆನ್ನಿನಲ್ಲಿ ತಡೆಯಲಾಗದ ನೋವು. ಮೇಲಿಂದ ಮೇಲೆ ರಕ್ತಹೀನತೆ, ಸೋಂಕು.

ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ತಪ್ಪಿದ್ದರೆ ತೊಂದರೆಯಿಲ್ಲ. ಅವರು ಬರೀ ವಾಹಕರು. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಭಾರತದಲ್ಲಿ ಈ ಲಕ್ಷಣ ಮೊದಲು ಕಂಡದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿ ಬೆಟ್ಟಗಳ ಜನರಲ್ಲಿ. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಹಾಡಿಗಳಲ್ಲಿ ಇದು ಕಾಣಿಸುತ್ತದೆ. 2047ರೊಳಗೆ ದೇಶದಿಂದ ಇದನ್ನು ನಿವಾರಿಸುವ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. ರಕ್ತಪರೀಕ್ಷೆ, ಸಮಾಲೋಚನೆ, ಔಷಧೋಪಚಾರ ಅದರ ಭಾಗ. ಆದರೆ ಮೂಲ ತಪ್ಪನ್ನೇ ತಿದ್ದುವುದಾದರೆ ಡಿಎನ್‌ಎಗೇ ಕೈಹಾಕಬೇಕು.

ಕತ್ತರಿಯ ಕಥೆ

ಜೀವಕೋಶದೊಳಗೆ ಕೆಲಸ ಮಾಡುವ ಆಳುಗಳೆಂದರೆ ಕಿಣ್ವಗಳು. ಬಾಯಲ್ಲಿ ರೊಟ್ಟಿ ಅಗಿಯುತ್ತಿದ್ದಂತೆ ಸಿಹಿಯಾಗುವುದು ಜೊಲ್ಲಿನಲ್ಲಿರುವ ಕಿಣ್ವದಿಂದ. ಹಾಗೆಯೇ ಡಿಎನ್‌ಎ ದಾರವನ್ನು ತುಂಡರಿಸುವ ಕಿಣ್ವಗಳೂ ಇವೆ. ಬ್ಯಾಕ್ಟೀರಿಯಾಗಳು ತಮ್ಮ ಮೇಲೆರಗುವ ವೈರಸ್‌ಗಳನ್ನು ಕತ್ತರಿಸಿ ಹಾಕಲು ಇವನ್ನು ಇಟ್ಟುಕೊಂಡಿವೆ. ಇಂಥ ಕತ್ತರಿ ಕಿಣ್ವಗಳ ಶೋಧಕ್ಕಾಗಿ ಆರ್ಬರ್, ನೇಥನ್ಸ್ ಮತ್ತು ಸ್ಮಿತ್ ಅವರಿಗೆ 1978ರಲ್ಲಿ ನೊಬೆಲ್ ಬಂತು.

ಆದರೆ ಈ ಹಳೆಯ ಕತ್ತರಿಗಳು ಓದುವುದು ನಾಲ್ಕೋ ಆರೋ ಅಕ್ಷರ. ಆರು ಅಕ್ಷರದ ಒಂದು ನಿರ್ದಿಷ್ಟ ಪದ ಸರಾಸರಿ 4,096 ಅಕ್ಷರಗಳಿಗೊಮ್ಮೆ ಎದುರಾಗುತ್ತದೆ. ನಾಲ್ಕನ್ನು ಆರು ಬಾರಿ ಗುಣಿಸಿದರೆ ಬರುವ ಸಂಖ್ಯೆ ಅದು. ಅಂದರೆ ಮನುಷ್ಯನ ಡಿಎನ್‌ಎಯಲ್ಲಿ ಏಳೂವರೆ ಲಕ್ಷ ಕಡೆ ಕತ್ತರಿ ಬೀಳುತ್ತದೆ! ಲಾರಿಗಳನ್ನೇ ಪುಡಿ ಮಾಡಿದ ಹಾಗೆ.

ಹೆಚ್ಚು ಅಕ್ಷರ ಓದುವ ಕತ್ತರಿ ಬೇಕು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶ್ರೀನಿವಾಸನ್ ಚಂದ್ರಶೇಖರನ್ ಮತ್ತು ಸಂಗಡಿಗರು 1996ರಲ್ಲಿ ಒಂದು ಕಸಿ ಮಾಡಿದರು. ಅಕ್ಷರಗಳನ್ನು ಗುರುತಿಸುವ 'ಜಿಂಕ್ ಫಿಂಗರ್' ಎಂಬ ಪ್ರೋಟೀನ್ ಭಾಗಕ್ಕೆ 'ಫಾಕ್-ಒಂದು' ಎಂಬ ಕಿಣ್ವದ ಕತ್ತರಿಸುವ ಭಾಗವನ್ನು ಜೋಡಿಸಿದರು. ಪ್ರಕೃತಿಯಲ್ಲಿಲ್ಲದ ಹೊಸ ಕಿಣ್ವ ಸಿದ್ಧವಾಯಿತು. ತೊಡಕೆಂದರೆ, ಪ್ರತಿ ಹೊಸ ವಿಳಾಸಕ್ಕೂ ಹೊಸ ಪ್ರೋಟೀನ್ ಕಟ್ಟಬೇಕು.

ಆ ತೊಡಕು ನಿವಾರಣೆಯಾದದ್ದು 2012ರಲ್ಲಿ. ಜೆನಿಫರ್ ಡೌಡ್ನಾ ಮತ್ತು ಇಮ್ಯಾನುಯೆಲ್ ಶಾರ್ಪೆಂಟಿಯೆ, ಸ್ಟ್ರೆಪ್ಟೊಕಾಕಸ್ ಜಾತಿಯ ಬ್ಯಾಕ್ಟೀರಿಯಾದ 'ಕ್ಯಾಸ್-9' ಕಿಣ್ವವನ್ನು ಬೇಕೆಂದ ಕಡೆ ಕಳುಹಿಸಬಹುದೆಂದು ತೋರಿಸಿದರು. ಇದಕ್ಕೆ ದಾರಿ ತೋರಿಸುವುದು ಆರ್‌ಎನ್‌ಎ ಎಂಬ ತುಣುಕು. ಅದರಲ್ಲಿ 20 ಅಕ್ಷರದ ವಿಳಾಸ ಬರೆದುಕೊಟ್ಟರೆ ಸಾಕು, ಕಿಣ್ವ ಬದಲಾಯಿಸಬೇಕಾಗಿಲ್ಲ. ಆ 20 ಅಕ್ಷರಗಳ ಪಕ್ಕದಲ್ಲಿ ಎರಡು 'ಜಿ'ಗಳ ಗುರುತು ಇರಬೇಕು, ಅಷ್ಟೆ. ಕ್ರಿಸ್ಪರ್ ಎಂದು ನೀವು ಕೇಳುವ ಹೆಸರು ಈ ವಿಧಾನದ್ದೇ. ಇಬ್ಬರಿಗೂ 2020ರ ರಸಾಯನ ವಿಜ್ಞಾನ ನೊಬೆಲ್ ಬಂತು.

ವಿಳಾಸದಲ್ಲಿ ಮೂರು ತಪ್ಪು

ನಾಲ್ಕನ್ನು 20 ಬಾರಿ ಗುಣಿಸಿ ನೋಡಿ. ಒಂದು ಲಕ್ಷ ಕೋಟಿಗೂ ಮೀರಿದ ಸಂಖ್ಯೆ ಬರುತ್ತದೆ. 310 ಕೋಟಿಗೆ ಹೋಲಿಸಿದರೆ ನೂರಾರು ಪಟ್ಟು ಹೆಚ್ಚು. ಆದ್ದರಿಂದ 20 ಅಕ್ಷರದ ವಿಳಾಸ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ, ತಪ್ಪು ಮನೆಗೆ ಹೋಗುವ ಭಯವಿಲ್ಲ ಎಂದು ತೋರುತ್ತದೆ.

ಆದರೆ ಕ್ಯಾಸ್-9 ಸ್ವಲ್ಪ ಧಾರಾಳಿ. ವಿಳಾಸದ 20 ಅಕ್ಷರಗಳಲ್ಲಿ ಒಂದೆರಡು, ಕೆಲವೊಮ್ಮೆ ಅದಕ್ಕೂ ಹೆಚ್ಚು ತಪ್ಪಿದ್ದರೂ 'ಇರಲಿ' ಎಂದು ಕತ್ತರಿಸಿಬಿಡುತ್ತದೆ ಎಂಬುದು 2013ರಲ್ಲೇ ತಿಳಿದುಬಂತು. ಈ ಧಾರಾಳತನದ ಬೆಲೆಯೆಷ್ಟು? ಪಿಯುಸಿ ವಿದ್ಯಾರ್ಥಿಗಳು ಗಣಿತದಲ್ಲಿ ಕಲಿತ ಸಂಯೋಜನೆಯ ಸೂತ್ರವನ್ನು ಇಲ್ಲಿ ಬಳಸಬಹುದು. ಒಂದು ತಪ್ಪು ಇರಬಹುದಾದ ವಿಳಾಸಗಳು 60. ಎರಡು ತಪ್ಪಿನವು 1,710. ಮೂರು ತಪ್ಪಿನವು 30,780. ಸರಿಯಾದ ಒಂದನ್ನೂ ಸೇರಿಸಿದರೆ ಒಟ್ಟು 32,551. ಒಂದು ಮನೆಗೆ ಬರೆದ ಕಾಗದವನ್ನು 32,551 ಬಗೆಯ ವಿಳಾಸಗಳಿಗೆ ಹಂಚಬಹುದು ಎಂದು ಅಂಚೆಯವನಿಗೆ ಹೇಳಿದಂತಾಯಿತು. ಅಕ್ಷರಗಳು ಯಾದೃಚ್ಛಿಕವಾಗಿ ಹರಡಿವೆ ಎಂದು ಭಾವಿಸಿ, ಎರಡು 'ಜಿ'ಗಳ ಗುರುತನ್ನೂ ಲೆಕ್ಕಕ್ಕೆ ಹಿಡಿದರೆ, ಅಂಥ ತಪ್ಪು ಮನೆಗಳು ನಮ್ಮ ಡಿಎನ್‌ಎಯಲ್ಲಿ ಸುಮಾರು ಹತ್ತು ಸಿಗುತ್ತವೆ.

ಹತ್ತೇ ತಾನೆ ಎನ್ನಬೇಡಿ. ಅದರಲ್ಲಿ ಒಂದು ಮನೆ ಜೀವಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಯದಾಗಿದ್ದರೆ ಕೋಶ ಕ್ಯಾನ್ಸರ್ ಹಾದಿ ಹಿಡಿಯಬಹುದು. ಇದು ಬರಿಯ ಹೆದರಿಕೆಯಲ್ಲ. ಫ್ರಾನ್ಸಿನಲ್ಲಿ ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟಿದ ಮಕ್ಕಳಿಗೆ ವಂಶವಾಹಿ ಚಿಕಿತ್ಸೆ ಕೊಟ್ಟಾಗ ಕೆಲವರಿಗೆ ರಕ್ತದ ಕ್ಯಾನ್ಸರ್ ಬಂದದ್ದು 2002-03ರಲ್ಲಿ ವರದಿಯಾಯಿತು. ಅಲ್ಲಿ ಬಳಸಿದ್ದು ಕತ್ತರಿಯಲ್ಲ, ವೈರಸ್ ವಾಹನ. ಅದು ಹೊತ್ತುತಂದ ವಂಶವಾಹಿ ಬೇಡವಾದ ಜಾಗದಲ್ಲಿ ಸೇರಿಕೊಂಡಿತ್ತು. ಜಾಗ ತಪ್ಪಿದರೆ ಏನಾಗುತ್ತದೆ ಎಂಬ ಪಾಠವನ್ನು ವೈದ್ಯಲೋಕ ಮರೆತಿಲ್ಲ.

ಹಿಡಿತ ಸಡಿಲಿಸಿದ ಜಾಣತನ

ಹಾಗಾದರೆ ಕಿಣ್ವಕ್ಕೆ ಕಟ್ಟುನಿಟ್ಟು ಕಲಿಸುವುದು ಹೇಗೆ? ಅದು ಡಿಎನ್‌ಎಯನ್ನು ಹಿಡಿಯುವ ರೀತಿಯಲ್ಲೇ ಉತ್ತರವಿತ್ತು. ಡಿಎನ್‌ಎ ದಾರದ ಬೆನ್ನಿಗೆ ಋಣ ವಿದ್ಯುದಂಶವಿದೆ. ಕ್ಯಾಸ್-9 ಎಂಬುದು 1,368 ಅಮೈನೋ ಆಮ್ಲಗಳ ಸರಪಳಿ; ಅದರ ಮೈಮೇಲೆ ಅಲ್ಲಲ್ಲಿ ಧನ ವಿದ್ಯುದಂಶದ ಭಾಗಗಳಿವೆ. ಎರಡೂ ಒಂದನ್ನೊಂದು ಸೆಳೆಯುತ್ತವೆ. ಈ ಸೆಳೆತ ಅಗತ್ಯಕ್ಕಿಂತ ಹೆಚ್ಚಾಗಿರುವುದರಿಂದಲೇ ಅಕ್ಷರ ಪೂರ್ತಿ ಹೊಂದದಿದ್ದರೂ ಕಿಣ್ವ ಅಂಟಿಕೊಂಡು ನಿಲ್ಲುತ್ತದೆ.

ಗಂಜದಲ್ಲಿ ಅವಸರದ ಖರೀದಿದಾರನಿಗೆ ಇದನ್ನು ಹೋಲಿಸಬಹುದು. ಕೊಂಡೇ ತೀರಬೇಕೆಂಬ ಹಟವಿದ್ದವನು ಹುಳುಕು ಕಾಳನ್ನೂ ಒಪ್ಪಿಬಿಡುತ್ತಾನೆ. ಅವಸರವಿಲ್ಲದವನು ಕಾಳು ಪೂರ್ತಿ ಮನಸ್ಸಿಗೆ ಬಂದರೆ ಮಾತ್ರ ಕೈ ಮುಂದೆ ಮಾಡುತ್ತಾನೆ. ಕಿಣ್ವದ ಸೆಳೆತ ಕಡಿಮೆ ಮಾಡಿದರೆ ಅದೂ ಹೀಗೆ ನಡೆದುಕೊಳ್ಳಬೇಕಲ್ಲವೇ?

ಅಮೆರಿಕದ ಎರಡು ತಂಡಗಳು ಇದನ್ನೇ ಮಾಡಿ ನೋಡಿದವು. ಫೆಂಗ್ ಜಾಂಗ್ ಅವರ ತಂಡ 2015ರ ಕೊನೆಗೆ, ಕೀತ್ ಜೂಂಗ್ ಅವರ ತಂಡ 2016ರ ಆರಂಭಕ್ಕೆ ಸುಧಾರಿತ ಕ್ಯಾಸ್-9 ಪ್ರಕಟಿಸಿದವು. ಜೂಂಗ್ ತಂಡ ಬದಲಾಯಿಸಿದ್ದು 1,368ರಲ್ಲಿ ಕೇವಲ ನಾಲ್ಕು ಅಮೈನೋ ಆಮ್ಲ. ಪರೀಕ್ಷಿಸಿದ ಬಹುಪಾಲು ವಿಳಾಸಗಳಲ್ಲಿ ತಪ್ಪು ಕತ್ತರಿಕೆ ಪತ್ತೆಯಾಗದಷ್ಟು ಇಳಿಯಿತು. ಆದರೆ ಇದು ಪುಕ್ಕಟೆ ಲಾಭವಲ್ಲ. ಸೆಳೆತ ತೀರ ಕಡಿಮೆಯಾದರೆ ಕಿಣ್ವ ಸರಿಯಾದ ಜಾಗದಲ್ಲೂ ಮೈಗಳ್ಳನಾಗುತ್ತದೆ. ನಿಖರತೆ ಮತ್ತು ಚುರುಕುತನ ಎರಡನ್ನೂ ಒಟ್ಟಿಗೆ ಪಡೆಯುವುದೇ ಅಂದಿನಿಂದ ಈ ಕ್ಷೇತ್ರದ ಮುಖ್ಯ ಸವಾಲು.

ಬೀಜ ಆಯ್ದಂತೆ ಕಿಣ್ವದ ಆಯ್ಕೆ

ಕತ್ತರಿಸದೆಯೇ ಒಂದಕ್ಷರವನ್ನು ಇನ್ನೊಂದಾಗಿ ಬದಲಿಸಿದರೆ ಇನ್ನೂ ಒಳ್ಳೆಯದು. ಹಾರ್ವರ್ಡಿನ ಡೇವಿಡ್ ಲಿಯು ತಂಡ 2016ರಲ್ಲಿ 'ಸಿ'ಯನ್ನು 'ಟಿ' ಮಾಡುವ ಸಾಧನ ರೂಪಿಸಿತು. 'ಎ'ಯನ್ನು 'ಜಿ' ಮಾಡಲು ಹೊರಟಾಗ ಮಾತ್ರ ಕಷ್ಟವಾಯಿತು, ಏಕೆಂದರೆ ಡಿಎನ್‌ಎಯಲ್ಲಿ ಆ ಕೆಲಸ ಮಾಡಬಲ್ಲ ಕಿಣ್ವ ಪ್ರಕೃತಿಯಲ್ಲಿ ಗೊತ್ತಿರಲಿಲ್ಲ. ಆರ್‌ಎನ್‌ಎ ಮೇಲೆ ಅದೇ ಕೆಲಸ ಮಾಡುವ ಒಂದು ಕಿಣ್ವ ಬ್ಯಾಕ್ಟೀರಿಯಾದಲ್ಲಿತ್ತು. ಅದನ್ನೇ ಪಳಗಿಸಲು ನಿರ್ಧರಿಸಿದರು.

ನಮ್ಮ ರೈತರು ಮುಂದಿನ ಬಿತ್ತನೆಗೆ ಒಳ್ಳೆಯ ಕಾಳನ್ನು ಆಯ್ದಿಡುವ ಹಾಗೆಯೇ ಈ ಉಪಾಯ. ಬ್ಯಾಕ್ಟೀರಿಯಾಗಳಿಗೆ ಒಂದು ಪ್ರತಿಜೀವಕ ಔಷಧವನ್ನು ತಡೆದುಕೊಳ್ಳುವ ವಂಶವಾಹಿ ಕೊಟ್ಟರು. ಆದರೆ ಬೇಕೆಂದೇ ಅದರಲ್ಲಿ ಒಂದಕ್ಷರ ಕೆಡಿಸಿದ್ದರು. ಜತೆಗೆ ಆ ಕಿಣ್ವದ ಸಾವಿರಾರು ಬಗೆಯ ಮಾರ್ಪಾಡುಗಳನ್ನು ಹಂಚಿದರು. ಆಮೇಲೆ ಔಷಧ ಸುರಿದರು. ಕೆಟ್ಟ ಅಕ್ಷರವನ್ನು ತಿದ್ದಿಕೊಳ್ಳಬಲ್ಲ ಕಿಣ್ವ ಸಿಕ್ಕ ಬ್ಯಾಕ್ಟೀರಿಯಾ ಬದುಕಿತು, ಉಳಿದವು ಸತ್ತವು. ಬದುಕಿದವುಗಳ ಕಿಣ್ವವನ್ನು ತೆಗೆದು, ಮತ್ತೆ ಮಾರ್ಪಡಿಸಿ, ಮತ್ತೆ ಅದೇ ಪರೀಕ್ಷೆ. ಹೀಗೆ ಏಳು ಸುತ್ತು. 2017ರಲ್ಲಿ ಬೇಕಾದ ಕಿಣ್ವ ಕೈಗೆ ಬಂತು.

ಕುಡಗೋಲು ಕಾಯಿಲೆಯ 'ಟಿ'ಯನ್ನು ನೇರವಾಗಿ 'ಎ' ಮಾಡಲು ಈ ಸಾಧನದಿಂದ ಆಗದು. ಆದರೆ ಎದುರು ಎಳೆಯ ಜೋಡಿ ಅಕ್ಷರವನ್ನು ಬದಲಿಸಿ 'ಟಿ'ಯನ್ನು 'ಸಿ' ಮಾಡಬಹುದು. ಆಗ ವ್ಯಾಲೀನ್ ಜಾಗದಲ್ಲಿ ಅಲನಿನ್ ಬರುತ್ತದೆ. ಇಂಥ ಹಿಮೋಗ್ಲೋಬಿನ್ ಕೆಲವು ಜನರಲ್ಲಿ ಸಹಜವಾಗಿಯೇ ಇದೆ. ಮೊದಲು ಕಂಡ ಇಂಡೋನೇಷ್ಯಾದ ಊರಿನ ಹೆಸರಿನಿಂದ ಅದನ್ನು 'ಮಕಸ್ಸರ್' ಎನ್ನುತ್ತಾರೆ. ಅದರಿಂದ ರಕ್ತಕಣ ಬಾಗುವುದಿಲ್ಲ. ಇಲಿಗಳಲ್ಲಿ ಈ ತಿದ್ದುಪಡಿ ಫಲಕೊಟ್ಟದ್ದು 2021ರಲ್ಲಿ ಪ್ರಕಟವಾಯಿತು. ಇದೇ ಬಗೆಯ ಅಕ್ಷರ ತಿದ್ದುವ ಕಿಣ್ವವನ್ನು ಒಂದೇ ಒಂದು ಮಗುವಿಗಾಗಿ ಆರು ತಿಂಗಳಲ್ಲಿ ಸಿದ್ಧಪಡಿಸಿ, ಯಕೃತ್ತಿನ ಅಪರೂಪದ ಕಾಯಿಲೆಗೆ ಕೊಟ್ಟ ಸುದ್ದಿ 2025ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಿಂದ ಬಂತು.

ದೆಹಲಿಯ ಪ್ರಯತ್ನ

ಕುಡಗೋಲು ಕಾಯಿಲೆಗೆ ಕ್ರಿಸ್ಪರ್ ಚಿಕಿತ್ಸೆಯೊಂದಕ್ಕೆ 2023ರಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ತಿದ್ದಿ, ಮರಳಿ ಕೊಡುವ ವಿಧಾನ ಅದು. ತಪ್ಪಾದ ಅಕ್ಷರವನ್ನು ಅದು ಮುಟ್ಟುವುದಿಲ್ಲ. ಹುಟ್ಟಿದ ಮೇಲೆ ನಿಂತುಹೋಗುವ ಶಿಶು ಹಿಮೋಗ್ಲೋಬಿನ್ನನ್ನು ಮತ್ತೆ ಚಾಲೂ ಮಾಡುತ್ತದೆ. ಅಮೆರಿಕದಲ್ಲಿ ಅದಕ್ಕೆ ಗೊತ್ತುಮಾಡಿದ ಬೆಲೆ 22 ಲಕ್ಷ ಡಾಲರ್. ನಮ್ಮ ಹಣದಲ್ಲಿ ಆಗ ಸುಮಾರು 18 ಕೋಟಿ ರೂಪಾಯಿ! ಬಿಳಿಗಿರಿರಂಗನ ಬೆಟ್ಟದ ಹಾಡಿಯ ಮಗುವಿಗೆ ಇದು ಇದ್ದರೂ ಇಲ್ಲದಂತೆಯೇ.

ಈ ಕಾರಣಕ್ಕೆ ದೆಹಲಿಯ ಐಜಿಐಬಿ, ಅಂದರೆ ಸಿಎಸ್‌ಐಆರ್‌ನ ಜೀನೋಮಿಕ್ಸ್ ಸಂಸ್ಥೆಯ ಕೆಲಸಕ್ಕೆ ಮಹತ್ವವಿದೆ. ಅಲ್ಲಿನ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಮತ್ತು ಸಂಗಡಿಗರು ಬೇರೆಯದೇ ಬ್ಯಾಕ್ಟೀರಿಯಾದ ಕ್ಯಾಸ್-9 ಆರಿಸಿಕೊಂಡರು. ಫ್ರಾನ್ಸಿಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಈ ಕಿಣ್ವ ಹುಟ್ಟಿನಿಂದಲೇ ಶಿಸ್ತಿನದು. ಅಕ್ಷರ ತಪ್ಪಿದರೆ ಹಿಡಿಯುವುದೇ ಕಡಿಮೆ ಎಂದು 2019ರಲ್ಲಿ ತೋರಿಸಿದರು. ಒಂದಕ್ಷರದ ವ್ಯತ್ಯಾಸವನ್ನೂ ಗುರುತಿಸುವ ಈ ಗುಣದಿಂದಲೇ 2020ರ ಕೊರೊನಾ ಕಾಲದಲ್ಲಿ 'ಫೆಲೂದಾ' ಎಂಬ ಕಾಗದದ ಪಟ್ಟಿಯ ಪರೀಕ್ಷೆ ಹುಟ್ಟಿತು. ಸತ್ಯಜಿತ್ ರಾಯ್ ಅವರ ಕಥೆಗಳ ಪತ್ತೇದಾರನ ಹೆಸರು ಅದು.

ಆದರೆ ಈ ಶಿಸ್ತಿನ ಕಿಣ್ವ 1,629 ಅಮೈನೋ ಆಮ್ಲಗಳ ಭಾರೀ ಆಳು, ಕೆಲಸದಲ್ಲಿ ನಿಧಾನ. ಇಲ್ಲಿ ಅಮೆರಿಕದ ತಂಡಗಳಿಗೆ ತದ್ವಿರುದ್ಧವಾದ ಕೆಲಸ ಮಾಡಬೇಕಾಯಿತು. ಅವರು ಧಾರಾಳಿ ಕಿಣ್ವದ ಹಿಡಿತ ಸಡಿಲಿಸಿದರೆ, ದೆಹಲಿಯವರು ಶಿಸ್ತಿನ ಕಿಣ್ವದ ಹಿಡಿತವನ್ನು ಹದವಾಗಿ ಬಿಗಿಗೊಳಿಸಿದರು. ನಿಖರತೆ ಉಳಿಸಿಕೊಂಡೇ ಚುರುಕಾದ, ಹೆಚ್ಚು ಜಾಗಗಳನ್ನು ತಲುಪಬಲ್ಲ ಹೊಸ ರೂಪ 2024ರಲ್ಲಿ ಪ್ರಕಟವಾಯಿತು. 2025ರ ನವೆಂಬರಿನಲ್ಲಿ ಕುಡಗೋಲು ಕಾಯಿಲೆಗೆ 'ಬಿರ್ಸಾ 101' ಎಂಬ ದೇಶೀ ಕ್ರಿಸ್ಪರ್ ಚಿಕಿತ್ಸೆಯನ್ನು ಘೋಷಿಸಲಾಯಿತು. ಆದಿವಾಸಿ ನಾಯಕ ಬಿರ್ಸಾ ಮುಂಡಾ ಅವರ ನೆನಪಿನ ಹೆಸರದು. ತಂತ್ರಜ್ಞಾನವನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿಗೆ ವಹಿಸಲಾಗಿದೆ. ಘೋಷಣೆಯೇ ಗುಣವಲ್ಲ, ಯಾವ ಔಷಧವಾದರೂ ರೋಗಿಗಳ ಮೇಲಿನ ಪರೀಕ್ಷೆಗಳನ್ನು ಒಂದೊಂದಾಗಿ ದಾಟಿಯೇ ಬರಬೇಕು. ಆದರೆ ಕಿಣ್ವ ನಮ್ಮದಾದರೆ ಬೆಲೆಯ ಮಾತೂ ನಮ್ಮ ಕೈಯಲ್ಲಿರುತ್ತದೆ.

ಹೊಲದ ಕಡೆಗೆ

ಬೀದರಿನ ಓದುಗರು ಕೇಳಬಹುದು: ನಮ್ಮ ಹೊಲಕ್ಕೆ ಇದರಿಂದೇನು? ಉತ್ತರ ಹತ್ತಿರದ ಹೈದರಾಬಾದಿನಲ್ಲೇ ಇದೆ. ಅಲ್ಲಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆ ಸಾಂಬಾ ಮಸೂರಿ ಭತ್ತದ ಒಂದು ವಂಶವಾಹಿಯನ್ನು ತಿದ್ದಿ 'ಕಮಲಾ' ಎಂಬ ತಳಿ ರೂಪಿಸಿದೆ. ಅದನ್ನು 2025ರ ಮೇ 4ರಂದು ಪ್ರಕಟಿಸಲಾಯಿತು. ಇಳುವರಿ ಶೇ 19ರಷ್ಟು ಹೆಚ್ಚು, ಕೊಯ್ಲು ಸುಮಾರು 20 ದಿನ ಬೇಗ ಎಂದು ಕೃಷಿ ಸಂಶೋಧನಾ ಪರಿಷತ್ತು ಹೇಳಿದೆ. ಬಿಟಿ ಹತ್ತಿಯಂತೆ ಇದರಲ್ಲಿ ಹೊರಗಿನ ವಂಶವಾಹಿ ಉಳಿದಿರುವುದಿಲ್ಲ ಎಂಬುದು ಮುಖ್ಯ ವ್ಯತ್ಯಾಸ.

ಆದರೆ ಕ್ಯಾಸ್-9ರ ಹಕ್ಕುಪತ್ರಗಳು ವಿದೇಶೀಯರ ಕೈಯಲ್ಲಿವೆ. ಬೀಜ ಮಾರುಕಟ್ಟೆಗೆ ಬರುವಾಗ ಅನುಮತಿ, ಶುಲ್ಕದ ಪ್ರಶ್ನೆ ಏಳುತ್ತದೆ. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕುತುಬುದ್ದೀನ್ ಮೊಲ್ಲಾ ಅವರ ತಂಡ ಇದಕ್ಕೆ ಬದಲಿಯಾಗಿ 'ಟಿಎನ್‌ಪಿ-ಬಿ' ಎಂಬ ಪುಟ್ಟ ಕಿಣ್ವವನ್ನು ಸಸ್ಯಗಳಿಗೆ ಒಗ್ಗಿಸಿದೆ. ಅದರಲ್ಲಿರುವುದು 408 ಅಮೈನೋ ಆಮ್ಲಗಳು ಮಾತ್ರ. ಕ್ಯಾಸ್-9ರ ಮೂರನೇ ಒಂದು ಭಾಗಕ್ಕಿಂತ ಚಿಕ್ಕದು. ಚಿಕ್ಕದಾದಷ್ಟೂ ಜೀವಕೋಶದೊಳಗೆ ಸಾಗಿಸುವುದು ಸುಲಭ. ಈ ವಿಧಾನಕ್ಕೆ 2025ರಲ್ಲಿ ಭಾರತದ ಪೇಟೆಂಟ್ ಸಿಕ್ಕಿದೆ.

ನಮ್ಮ ತೊಗರಿಯ ಪೂರ್ಣ ಅಕ್ಷರಮಾಲೆಯನ್ನು ಓದಿದ ತಂಡಗಳಲ್ಲಿ ಒಂದು, ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯದು. ಆದರೆ ತಿದ್ದಿದ ತೊಗರಿ ಕೋಶದಿಂದ ಪೂರ್ಣ ಗಿಡ ಬೆಳೆಸುವುದು ಭತ್ತದಷ್ಟು ಸುಲಭವಲ್ಲ. ಹೊಲಕ್ಕೆ ಹೊಲವನ್ನೇ ಒಣಗಿಸುವ ನೆಟೆ ರೋಗವನ್ನು ಈ ದಾರಿಯಲ್ಲಿ ಎದುರಿಸುವ ಕೆಲಸ ಮುಂದಿನ ತಲೆಮಾರಿನವರಿಗಾಗಿ ಕಾದಿದೆ.

ಓದುವವರಿಗೆ, ಓದಿಸುವವರಿಗೆ

ಬೀದರಿನಲ್ಲಿ ವಿಜ್ಞಾನ ಓದುವ ಮಕ್ಕಳೆಂದರೆ ಹೆಚ್ಚಿನವರು ನೀಟ್ ಪರೀಕ್ಷೆಗೆ ಕುಳಿತವರೇ. ಸೀಟು ಸಿಗದಿದ್ದರೆ ಓದಿದ ಜೀವವಿಜ್ಞಾನವೆಲ್ಲ ವ್ಯರ್ಥ ಎಂದು ಮನೆಯಲ್ಲಿ ನಿಟ್ಟುಸಿರು ಬಿಡುವುದುಂಟು. ಮೇಲಿನ ಕಥೆಯನ್ನು ಇನ್ನೊಮ್ಮೆ ನೋಡಿ. ವಿದ್ಯುದಂಶದ ಸೆಳೆತ ಭೌತವಿಜ್ಞಾನ. ಅಮೈನೋ ಆಮ್ಲ ರಸಾಯನ ವಿಜ್ಞಾನ. ತಪ್ಪು ವಿಳಾಸಗಳ ಎಣಿಕೆ ಗಣಿತ. ಬ್ಯಾಕ್ಟೀರಿಯಾ ಸಾಕುವುದು ಜೀವವಿಜ್ಞಾನ. ಕಿಣ್ವ ರೂಪಿಸುವವರಿಗೆ ನಾಲ್ಕೂ ಬೇಕು. ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಿಂದ ಊಹಿಸುವ, ಹೊಸದಾಗಿ ವಿನ್ಯಾಸ ಮಾಡುವ ಕೆಲಸಕ್ಕೆ 2024ರ ನೊಬೆಲ್ ಬಂದ ಮೇಲೆ ಕಂಪ್ಯೂಟರ್ ಕಲಿತವರಿಗೂ ಇಲ್ಲಿ ಜಾಗವಿದೆ. ಬೆಂಗಳೂರಿನ ಐಐಎಸ್‌ಸಿ, ಪುಣೆ ಮತ್ತು ತಿರುಪತಿಯ ಐಸರ್, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ, ಬೀದರಿನ ನಂದಿನಗರದಲ್ಲೇ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇವೆಲ್ಲ ಜೀವವಿಜ್ಞಾನದಲ್ಲಿ ಮುಂದುವರಿಯಲು ಇರುವ ಬಾಗಿಲುಗಳು.

ಕತ್ತರಿ ಕಂಡುಹಿಡಿದವರಿಗೆ ನೊಬೆಲ್ ಬಂತು. ಅದನ್ನು ಹದಗೊಳಿಸುವವರು ನಾಲ್ಕು ಅಮೈನೋ ಆಮ್ಲ ಬದಲಿಸಿ, ಪರೀಕ್ಷಿಸಿ, ಮತ್ತೆ ಬದಲಿಸಿ ವರ್ಷಗಟ್ಟಲೆ ಕೂರುತ್ತಾರೆ. ಚೀಲಕ್ಕೆ ಕೊಳವೆ ಚುಚ್ಚಿ ಕಾಳು ನೋಡುವವನ ತಾಳ್ಮೆ ಅದು. ಹಾಡಿಯ ಮಗುವಿಗೆ ಸಲ್ಲಬೇಕಾದ ಚಿಕಿತ್ಸೆ ಸುರಕ್ಷಿತವಾಗುವುದು ಆ ತಾಳ್ಮೆಯಿಂದಲೇ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಕಿಣ್ವ ನಾಲ್ಕು ತಪ್ಪಿನವರೆಗೂ ಒಪ್ಪಿಕೊಳ್ಳುವುದಾದರೆ ಒಟ್ಟು ಎಷ್ಟು ಬಗೆಯ ವಿಳಾಸಗಳಾಗುತ್ತವೆ? ಉತ್ತರ 4,24,996. ಹೇಗೆಂದು ನೀವೇ ಮಾಡಿ ನೋಡಿ.